ಮಾರಿ ಪೂರಾ ಬರ್ಲಿ

“ಅದೇ ರೊಕ್ಕಕ್ಕ ಹಳೇ ನಮೂನಿ ಮೆಮರಿ ಜಾಸ್ತಿ ಬರ್ತೈತಿ. ಹೊಸಾದು ಕಮ್ಮಿ ಬರ್ತೈತಿ, ಆದ್ರ ಭಾಳ ಲಗೂ ಕೆಲಸ ಮಾಡ್ತೈತಿ. ಯಾವ್ದು ಹಾಕ್ಲಿ ಅಕ್ಕಾರ?”

ರಾಣೆಬೆನ್ನೂರಿನ ನಮ್ಮ ಫೋಟೊ ಅಂಗಡಿಯ ಕಂಪ್ಯೂಟರ್ ಬಿಚ್ಚಿಟ್ಟುಕೊಂಡು ರಿಪೇರಿಯವರು ಕೇಳಿದರು. ಲಗ್ನದ ಸೀಜನ್ನು, ನಾನು ಹೊಸದನ್ನೇ ಹೇಳುವವಳಿದ್ದೆ.

ಬೆಂಚಿನ ಮೇಲೆ ಮೇಡ್ಲೇರಿಯ ಅಜ್ಜಿಯೊಬ್ಬರು ಕಾಯುತ್ತಿದ್ದರು. ತೀರಿಹೋದ ಗಂಡನದು ಇದ್ದದ್ದೇ ಒಂದು ಫೋಟೊ, ಅದೂ ಹರಿದದ್ದು. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಹೋದಾಗಲೆಲ್ಲ ಮೆಮರಿ ಸಾಲದೆ, ಮುಖ ಮೂಡುವ ಮೊದಲೇ ಕಂಪ್ಯೂಟರ್ ನಿಂತುಬಿಡುತ್ತಿತ್ತು. ಹೊಸದು ಹಾಕಿದರೂ ಅಷ್ಟು ದೊಡ್ಡದು ಹಿಡಿಯುವುದಿಲ್ಲ ಎಂದರು ರಿಪೇರಿಯವರು.

“ನನಗೇನ್ ಅವಸರ ಇಲ್ಲ ಬಿಡವ್ವಾ, ಮಾರಿ ಪೂರಾ ಬರ್ಲಿ,” ಎಂದರು ಅಜ್ಜಿ. “ಇದ್ದಾಗ ಸೈತ ಅವ್ರು ಎಂದೂ ಲಗೂ ಮನೀಗೆ ಬಂದಾವ್ರಲ್ಲ.”

ಹಳೆಯದನ್ನೇ ಹೆಚ್ಚಿಗೆ ಹಾಕಿಸಿದೆ. ಫೋಟೊ ಪರದೆಯ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ರುಮಾಲು ಬಂತು, ಹಣೆ ಬಂತು. ಕಣ್ಣು ಮೂಡುವಷ್ಟರಲ್ಲಿ ಅಜ್ಜಿ ಗಡಬಡಿಸಿ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡರು.

ಆ ಸೀಜನ್ನಿನಲ್ಲಿ ಲಗ್ನದ ಕೆಲಸಗಳು ತಡವಾದವು, ಗಿರಾಕಿಗಳು ಗೊಣಗಿದರು. ಈಗಿನ ಕಂಪ್ಯೂಟರಿನಲ್ಲಿ ಫೋಟೊ ಒಮ್ಮೆಲೇ ಬಂದುಬಿಡುತ್ತದೆ, ಸೆರಗು ಎಳೆದುಕೊಳ್ಳಲೂ ಹೊತ್ತು ಸಿಗುವುದಿಲ್ಲ. ಅದಕ್ಕೇ ತೀರಿಕೊಂಡವರ ಫೋಟೊ ತೆರೆಯುವ ಮುಂಚೆ, “ಬರ್ತಾರ ನೋಡ್ರಿ” ಎಂದು ಮನೆಯವರಿಗೆ ಹೇಳುತ್ತೇನೆ.