ಡ್ರೈವರ್ ಎಷ್ಟು ಕಲ್ತಾನ?

ಏಳನೇ ತರಗತಿಗೆ ಶಾಲೆ ಬಿಟ್ಟು ನಾನು ಮನೆಯಿಂದ ಮೊದಲ ಸಲ ಹೊರಬಿದ್ದದ್ದು ಒಂದು ಸೋಮವಾರ. ಆ ಶಾಲೆ ಬಿಟ್ಟದ್ದೇ ಎಷ್ಟೋ ವರ್ಷದ ಮೇಲೆ ಹಲಸಿ ಊರಿನ ಹತ್ತಿರದ ಒಂದು ದನದ ದೊಡ್ಡಿಯಲ್ಲಿ ನನಗೇ ಉರುಳಾಯಿತು.

ಆಗ ಬೆಳಗಾವಿಯ ಕಾಲೇಜೊಂದರ ವ್ಯಾನ್ ಓಡಿಸುತ್ತಿದ್ದೆ. ಕಾಡಂಚಿನ ಹೆಣ್ಣುಮಕ್ಕಳನ್ನು ಕಾಲೇಜಿಗೆ ಸೇರಿಸಲು ವಿದ್ಯಾರ್ಥಿಗಳನ್ನೇ ನನ್ನ ವ್ಯಾನಿನಲ್ಲಿ ಖಾನಾಪುರದ ಹಳ್ಳಿಗಳಿಗೆ ಕಳಿಸುತ್ತಿದ್ದರು. ಆ ದೊಡ್ಡಿಯಲ್ಲಿ ಸಾಗೂಬಾಯಿ ಎಂಬ ಹುಡುಗಿ ಕಾಲೇಜಿನ ಅರ್ಜಿ ಹಿಡಿದು ನಿಂತಿದ್ದಳು. ಅಪ್ಪನ ಸಹಿಯೊಂದೇ ಬಾಕಿ. ಹುಡುಗರು ಒಂದು ತಾಸು ಭಾಷಣ ಬಿಗಿದರು. ಅಪ್ಪ ಎಮ್ಮೆಯ ಮೈ ತಿಕ್ಕುತ್ತಲೇ ನನ್ನತ್ತ ತಿರುಗಿದ.

"ತಮ್ಮಾ, ನೀ ಎಷ್ಟು ಕಲ್ತೀ?"

"ಏಳನೇದಕ್ಕ ಸಾಲಿ ಬಿಟ್ಟೆ, ಕಾಕಾ."

"ನೋಡ್ರಿ! ಗಾಡಿ ಹೊಡೀತಾನ, ಇಸ್ತ್ರಿ ಅಂಗಿ ಹಾಕ್ಯಾನ. ಇಕಿಗೆ ಮತ್ತ್ಯಾಕ ಕಾಲೇಜು?"

ಹುಡುಗರೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು. ತಲೆ ಕೆಟ್ಟು ಹೇಳಿಯೇಬಿಟ್ಟೆ.

"ಅಂಗಿ ಕಾಲೇಜಿಂದು, ಗಾಡೀನೂ ಅವರದ. ಇಂಗ್ಲಿಷ್ ಕಾಗದ ಬಂದ್ರ ಇಂಥಾ ಹುಡುಗರ ಕಾಲು ಹಿಡೀತೇನಿ. ಮಗಳಿಗೂ ಹಂಗ ಆಗ್ಬೇಕೇನು?"

ಅವನು ಕೈ ತೊಳೆದು ಬಂದು ಸಹಿ ಹಾಕಿದ.

ವಾಪಸು ಬರುವಾಗ ಹುಡುಗರ ಮುಂದಾಳು, "ಅಣ್ಣಾ, ನಾಳೆ ಹೋಗೋ ಮೂರೂ ಊರಾಗ ನೀವ ಮಾತಾಡ್ರಿ. ನಿಮ್ಮ ಕಥಿ ಭಾರಿ ಕೆಲಸ ಮಾಡ್ತೈತಿ" ಎಂದ.

ಊರೂರಿಗೆ ಹೋಗಿ ನನ್ನ ಮಾನ ನಾನೇ ಹರಾಜು ಹಾಕುವ ನೌಕರಿ! ಬೆಳಗಾವಿಯ ಅನಗೋಳದಲ್ಲಿದ್ದ ನನ್ನ ಬಾಡಿಗೆ ಖೋಲಿಗೆ ಬಂದವನೇ ಕೆಲಸ ಬಿಟ್ಟು ಹೊರಡಲು ಚೀಲ ತುಂಬತೊಡಗಿದೆ. ಒಂದೇ ಕಡೆ ಮೂರು ವರ್ಷ ಕೂರುವುದು ನನಗಂತೂ ಎಂದೂ ಆಗಲಿಲ್ಲ; ಕಾಲೇಜು ಮುಗಿಸುವಷ್ಟು ಕಾಲ ಆ ಹುಡುಗಿಗಾದರೂ ಸಾಧ್ಯವಾಗಲಿ.