ಮೂರು ದಿನದ ಗೋಧಿ

ಊಟದಿಂದ ಗೋಧಿ ಬಿಡಿಸುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ. ರಬಕವಿಯ ಸೀರೆ ಗಂಟು ಹೊತ್ತು ಜಮಖಂಡಿ, ಮುಧೋಳ, ಬೀಳಗಿಯ ಮನೆಮನೆಯ ಮೆಟ್ಟಿಲು ಹತ್ತಿದವಳು ನಾನು. ಸೀರೆ ಕೊಳ್ಳದವರಿಗೂ ಈ ಮಾತನ್ನು ಪುಕ್ಕಟೆ ಕೊಟ್ಟು ಬರುತ್ತೇನೆ. ಉಲ್ಟಾ ಮಾಡಿ ಕೆಟ್ಟಿದ್ದೇನೆ, ಅದಕ್ಕೆ.

ನನ್ನ ಗಂಡ ತುಬಚಿಯ ಏತ ನೀರಾವರಿಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದರು. ಅಲ್ಲಿ ಪಕ್ಕದ ಮನೆಯ ಅಜ್ಜಿಯ ಜೋಳದ ರೊಟ್ಟಿಯೇ ಊಟ. ರಜೆಗೆ ಮನೆಗೆ ಬಂದರೆಂದರೆ ನನಗೆ ಹುರುಪು: ಚಪಾತಿ, ಗೋಧಿ ಹುಗ್ಗಿ, ಮಾದಲಿ. ಎರಡನೇ ದಿನಕ್ಕೆ ಹೊಟ್ಟೆ ಉಬ್ಬರ, ಭೇದಿ. ತುಬಚಿಗೆ ಮರಳಿದರೆ ಮತ್ತೆ ಆರಾಮ. ಅತ್ತೆ ಓಣಿಗೆಲ್ಲ ಕೇಳುವಂತೆ ಅಂದರು, "ನನ್ನ ಮಗಗ ಹೇಣ್ತಿ ಕೈ ಅಡಗಿ ಒಗ್ಗವಲ್ದು ನೋಡ್ರಿ."

ಸೀರೆ ಕೆಟ್ಟದ್ದೆಂದರೆ ತಡೆದೇನು, ಕೈ ಕೆಟ್ಟದ್ದೆಂದರೆ? ದಿನ ಲೆಕ್ಕ ಹಾಕಿ ಗೋಧಿಯೇ ಕಳ್ಳ ಎಂದು ಹಿಡಿದೆ, ಬಿಡಿಸಿದೆ. ಅತ್ತೆ ನಂಬಲಿಲ್ಲ. ತಿಂಗಳುಗಟ್ಟಲೆ ಆದಮೇಲೆ ಖಾತ್ರಿ ಮಾಡಿಕೊಳ್ಳಲು ದೊಡ್ಡ ಆಸ್ಪತ್ರೆಗೆ ಹೋದರೆ ರಕ್ತದಲ್ಲಿ ಏನೂ ಸಿಗಲಿಲ್ಲ.

"ಗೋಧಿ ಬಿಟ್ಟರ ಗುರುತು ಅಳಸಿ ಹೋಗತೈತ್ರಿ," ಎಂದರು ಡಾಕ್ಟರು. ಕೆಲವರ ಮೈಯ ಕಾವಲು ಕಣಗಳು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟನ್ನು ವೈರಿ ಎಂದುಕೊಂಡು ಕರುಳಿಗೇ ಗಾಯ ಮಾಡುತ್ತವಂತೆ. ಮೂರು ದಿನ ಗೋಧಿ ತಿನ್ನಿಸಿದರೆ ಆರನೇ ದಿನ ಆ ಕಣಗಳು ಕರುಳಿನ ದಾರಿ ಹಿಡಿದು ರಕ್ತದಲ್ಲಿ ಕಾಣಿಸಿಕೊಳ್ಳುತ್ತವಂತೆ. ಅಲ್ಲಿ ಆ ಪರೀಕ್ಷೆಯನ್ನು ಸಂಶೋಧನೆಗೆಂದು ಮಾಡುತ್ತಿದ್ದರು.

"ಒಂದ ದಿನಕ್ಕ ಮುಗಸ್ರಿ ಸಾಹೇಬ್ರ. ಹೋಗ್ಲಿ, ಒಂದೂವರಿ." ಸೀರೆ ಗಂಟು ಬದಿಗಿಟ್ಟು ಚೌಕಾಸಿಗಿಳಿದೆ.

"ಅಮ್ಮಾ, ಇದೇನ್ ಸೀರಿ ವ್ಯಾಪಾರ ಅಲ್ಲ."

ಆದರೂ ಕೈ ಸುಮ್ಮನಿರಲಿಲ್ಲ. ಮೊದಲ ದಿನವೇ ಹಿಟ್ಟಿಗೆ ಅರ್ಧ ಜೋಳ ಬೆರೆಸಿದೆ. ಇವರು ಚಪಾತಿ ಎಳೆದು ನೋಡಿದರು.

"ಹಿಗ್ಗವಲ್ದಲ್ಲ, ಪಟ್ಟನ ಹರೀತು. ಜ್ವಾಳ ಹಾಕೀಯೇನು?"

"ಹಿಟ್ಟ ಹಳೇದೈತ್ರಿ."

"ಗಿರಾಕಿಗೆ ಹೇಳೂ ಸುಳ್ಳ ನನಗ ಹೇಳಬ್ಯಾಡ. ರಕ್ತದಾಗ ಏನೂ ಸಿಗಲಿಲ್ಲಂದ್ರ ನಮ್ಮವ್ವ ಸಾಯೂತನಾ ನಿನ್ನ ಕೈಗೇ ಹೆಸರಿಡತಾಳ. ಖರೇ ಗೋಧಿ ಹಾಕು."

ಮರುದಿನದಿಂದ ಎಣಿಕೆ ಹೊಸದಾಗಿ ಸುರುವಾಯಿತು. ನಾನೇ ಲಟ್ಟಿಸಿ, ನಾನೇ ಬಡಿಸಿದೆ. ಕೂತಲ್ಲಿ ಕೂರಲಾಗಲಿಲ್ಲ. ಮಡಿಸಿದ ಸೀರೆಗಳನ್ನೇ ಬಿಚ್ಚಿ ಮಡಿಸಿದೆ. ಪಾಯಖಾನೆಯ ಚಿಲಕ ಸದ್ದಾದಾಗಲೆಲ್ಲ ಎದ್ದು ನಿಂತೆ. ಮೂರನೇ ದಿನ ಅತ್ತೆ ತಾಟಿಗೆ ಕೈ ಅಡ್ಡ ಹಿಡಿದರು: "ಸಾಕ್ ಮಾಡ್ರಲೇ, ಹುಡುಗನ ಮುಖ ನೋಡ್ರಿ!" ಹುಡುಗನಿಗೆ ಆಗ ತಲೆ ನರೆತಿತ್ತು. ಇವರು ಅವ್ವನ ಕೈ ಸರಿಸಿ ಕೊನೆಯ ತುತ್ತು ನುಂಗಿದರು.

ಆರನೇ ದಿನ ರಕ್ತ ಕೊಟ್ಟೆವು. ಆ ಕಣಗಳು ಸಿಕ್ಕವು. ಆಮೇಲೆ ಕರುಳಿಗೆ ಕೊಳವೆ ಇಳಿಸಿ ನೋಡಿದಾಗಲೂ ಅದೇ ಬಂತು. ಜೀವ ಇರುವತನಕ ಗೋಧಿ ಮುಟ್ಟುವಂತಿಲ್ಲ.

ಬಸ್ಸಿನ ದಾರಿಯುದ್ದಕ್ಕೂ ಅತ್ತೆಗೆ ಕೊಡುವ ಉತ್ತರವನ್ನು ಮಸೆಯುತ್ತ ಬಂದೆ. ಹೊಸ್ತಿಲಲ್ಲೇ ನಿಂತು, ಕೆಟ್ಟದ್ದು ನನ್ನ ಕೈಯಲ್ಲ, ಗೋಧಿ, ಹುಟ್ಟಿನಿಂದಲೇ ಮೈಯಲ್ಲಿರುವ ಗುಣವಂತೆ, ಎಂದು ಹೇಳಿದೆ. ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು.

"ಸಣ್ಣಂವ ಇದ್ದಾಗ ಭಾಳ ಸೊರಗಿದ್ದ. ಮೈ ಹಿಡೀಲಿ ಅಂತ ದಿನಾ ಗೋಧಿ ಸಜ್ಜಕ ಉಣಸೇನಿ. ಹಂಗಾರ ಕೆಟ್ಟ ಕೈ ನಂದಽ ಅಲ್ಲೇನಬೇ?"

ಜೋಳದ ಹಿಟ್ಟಿನ ಡಬ್ಬಿ ತಂದು ಅವರ ಮುಂದಿಟ್ಟೆ.

"ಇವತ್ತ ನೀವಽ ರೊಟ್ಟಿ ಬಡೀರಿ ಅತ್ತಿ. ಅವ್ರಿಗೆ ಹಸಿವಾಗೇತಿ."