ತಲೆಕೆಳಗಾದ ಗಾಜು

ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಚಿಕ್ಕಮ್ಮ. ಅವಳಿಗಿಂತ ಎರಡು ವರ್ಷ ದೊಡ್ಡವರಾದ, ಪ್ರಯೋಗಾಲಯ ನಡೆಸುವ ಮೇಷ್ಟ್ರಿಗೂ ಚಿಕ್ಕಮ್ಮನೇ. ಹದಿನೇಳು ವರ್ಷದಿಂದ ಅವಳದು ಒಂದೇ ಕೆಲಸ: ಬೆರಳುದ್ದದ ಗಾಜುಗಳನ್ನು ತೊಳೆದು, ಒಣಗಿಸಿ, ಸ್ಕ್ಯಾನರಿನ ಬಾಯಿಗಿಡುವುದು. ಒಂದೊಂದು ಗಾಜಿನ ಮೇಲೂ ಸಾವಿರಾರು ಚುಕ್ಕೆ, ಚುಕ್ಕೆಗೊಂದು ಜೀನು. ಯಾವುದು ಯಾವ ಜೀನೆಂದು ಯಂತ್ರಕ್ಕೆ ತಿಳಿಯುವುದು ಚುಕ್ಕೆಯ ಜಾಗದಿಂದ; ಗಾಜು ತಿರುಗಿ ಕೂತರೆ ಒಂದರ ಹೆಸರು ಇನ್ನೊಂದಕ್ಕೆ. ಆರೋಗ್ಯದ ಜೀವಕೋಶಕ್ಕೆ ಹಸಿರು ಬಣ್ಣ, ರೋಗದ್ದಕ್ಕೆ ಕೆಂಪು. ಚುಕ್ಕೆ ಕೆಂಪಗೆ ಹೊಳೆದರೆ ಆ ಜೀನು ರೋಗದಲ್ಲಿ ಬಾಯಿ ಜೋರು ಮಾಡಿದೆ ಎಂದರ್ಥ. ಜೋರುಬಾಯಿಯವರನ್ನು ಗುರುತಿಸಲು ತನಗೆ ಯಂತ್ರ ಬೇಕಿಲ್ಲ ಎಂದು ಚಿಕ್ಕಮ್ಮ ಮೇಷ್ಟ್ರ ಕಡೆ ನೋಡಿ ಹೇಳುವುದುಂಟು.

ಗಾಜನ್ನು ತಿರುಗಾಮುರುಗಾ ಇಟ್ಟ ಹೊಸಬರನ್ನಂತೂ ಅವಳು ವಾರಗಟ್ಟಲೆ ಆಡಿಕೊಳ್ಳುತ್ತಿದ್ದಳು. "ಅಂಗಿ ಗುಂಡಿ ಬೆನ್ನಿಗೆ ಹಾಕ್ಕೊಂಡು ಬಂದ್ಯೇನಪ್ಪ?"

ಆ ಗುರುವಾರ ಸ್ಕ್ಯಾನರ್ ಕೊಟ್ಟ ಕೆಂಪು ಜೀನುಗಳ ಹೊಸ ಪಟ್ಟಿ ನೋಡಿ ಮೇಷ್ಟ್ರು ಕುಣಿಯುವುದೊಂದು ಬಾಕಿ. ರೋಗದ ಲಿವರಿನಲ್ಲಿ ಕಣ್ಣಿನ ಜೀನು ಕೆಂಪಗೆ ಉರಿಯುತ್ತಿತ್ತು. "ಮಧ್ಯಾಹ್ನ ಸಮಿತಿ ಮುಂದೆ ಇದನ್ನೇ ಹೇಳಮ್ಮ," ಎಂದು ಸಂಶೋಧನೆಯ ಹುಡುಗಿಗೆ ಹೇಳಿ ಟೀಗೆ ಹೋದರು. ಪಿಎಚ್‌ಡಿ ಸಮಿತಿ ಒಪ್ಪದಿದ್ದರೆ ಅವಳ ಮೂರು ವರ್ಷದ ದುಡಿಮೆ ನೀರುಪಾಲು.

"ಲಿವರಿಗೂ ಕಣ್ಣು ಬಂತಾ?" ಎಂದು ಚಿಕ್ಕಮ್ಮ ಪರದೆಯ ಮೇಲಿದ್ದ ಗಾಜಿನ ಚಿತ್ರವನ್ನು ಇಣುಕಿ ನೋಡಿದಳು. ಎಡ ಮೇಲ್ಮೂಲೆಯಲ್ಲಿರಬೇಕಾದ ಮೂರು ಗುರುತಿನ ಚುಕ್ಕೆಗಳು ಬಲ ಕೆಳಮೂಲೆಯಲ್ಲಿ ಕೂತು ಅಣಕಿಸಿದವು. ಬೆಳಗ್ಗೆ ಫೋನಿನಲ್ಲಿ ತಂಗಿಗೆ ನಾದಿನಿಯ ಚಾಡಿ ಹೇಳುತ್ತ ಆ ಗಾಜು ಇಟ್ಟವಳು ಚಿಕ್ಕಮ್ಮನೇ. ಹುಡುಗಿ ಕೈ ತೊಳೆಯಲು ಹೋದ ಗಳಿಗೆಯಲ್ಲಿ ಗಾಜನ್ನು ತಿರುಗಿಸಿ, ಮತ್ತೆ ಸ್ಕ್ಯಾನ್ ಮಾಡಿ, ಹಳೆಯ ಪಟ್ಟಿಯನ್ನು ಅಳಿಸಿ ಹೊಸದನ್ನು ಕೂರಿಸಿದಳು. ಏನೂ ಅರಿಯದವಳಂತೆ ಟ್ರೇ ಒರೆಸತೊಡಗಿದಳು.

ಮೇಷ್ಟ್ರು ಮರಳಿ ಬಂದರು. "ಕಣ್ಣಿನ ಜೀನು ಎಲ್ಲೋಯ್ತು? ಏನಮ್ಮ, ಪಟ್ಟಿ ತಿದ್ದಿದ್ಯಾ?"

"ನಾನು ಮುಟ್ಟೇ ಇಲ್ಲ ಸಾರ್." ಹುಡುಗಿಯ ಮುಖ ಸುಣ್ಣವಾಯಿತು.

"ತಿದ್ದೋರಿಗೆ ಸಮಿತಿ ಮುಂದೆ ಜಾಗ ಇಲ್ಲ."

ಚಿಕ್ಕಮ್ಮನ ಕೈಯಲ್ಲಿದ್ದ ಬಟ್ಟೆ ನಿಂತಿತು. "ಅವಳನ್ನ ಬಿಡಿ ಮೇಷ್ಟ್ರೇ. ಗಾಜನ್ನ ತಲೆಕೆಳಗೆ ಇಟ್ಟೋಳೂ ನಾನೇ, ಕದ್ದು ತಿರುಗಿಸಿದೋಳೂ ನಾನೇ."

"ನೀವಾ?"

"ಹೂಂ. ಬೈಯೋದಾದ್ರೆ ಬೇಗ ಬೈದು ಮುಗಿಸಿ, ಅವಳಿಗೆ ಎರಡೂವರೆಗೆ ಸಭೆ."

ಮೇಷ್ಟ್ರು ಬೈಯಲು ಬಾಯಿ ತೆರೆದವರು ಪರದೆಯನ್ನು ನೋಡಿ ಮುಚ್ಚಿದರು. ಹೊಸ ಪಟ್ಟಿಯಲ್ಲಿ ಲಿವರಿನದೇ ಹನ್ನೊಂದು ಜೀನು; ಸಪ್ಪೆ, ಆದರೆ ನಿಜ.

ಸಭೆಯಲ್ಲಿ ಹಿರಿಯರೊಬ್ಬರು, "ಫಲಿತಾಂಶ ಒಂದ್ಸಲ ಪರೀಕ್ಷಿಸಿದೀರಾ?" ಎಂದು ಕೇಳಿದರು.

"ಎರಡು ಸಲ ಸ್ಕ್ಯಾನ್ ಆಗಿದೆ ಸಾರ್," ಎಂದಳು ಹುಡುಗಿ.

ಹಿಂದಿನ ಸಾಲಿನಲ್ಲಿ ಚಿಕ್ಕಮ್ಮನಿಗೆ ಜೋರು ಕೆಮ್ಮು ಬಂತು.